ಹಿಂದೆ ಕೂತವನಿಗೆ ಕಂಡಿದ್ದು

ಕಚೇರಿಯ ನಡುವೆ ಸನ್ಮಾನ ಅಂತ ಒಂದು ಬರುತ್ತದಲ್ಲ, ಅದರ ಮೇಲೆ ನನ್ನ ಸಿಟ್ಟು ಬಹಳ ಹಳೆಯದು. ತನಿ ಆವರ್ತನ ಮುಗಿದಿರುತ್ತದೆ, ಮೃದಂಗದವರು ಅಂಗೈ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ಇನ್ನೇನು ಒಂದು ದೇವರನಾಮ ಶುರುವಾಗಬೇಕು, ಅಷ್ಟರಲ್ಲಿ ಸಭೆಯ ಕಾರ್ಯದರ್ಶಿಗಳು ಮೈಕು ಹಿಡಿದು ಪ್ರತ್ಯಕ್ಷರಾಗುತ್ತಾರೆ. ಹಿಂದೆಯೇ ಶಾಲು, ಹಾರ, ಹಣ್ಣಿನ ಬುಟ್ಟಿ, ಯಾರ ತಲೆಗೂ ಎಂದೂ ಸರಿಯಾಗಿ ಕೂರದ ಮೈಸೂರು ಪೇಟ. ಅದರ ಹಿಂದೆ ಮುಖ್ಯ ಅತಿಥಿ. ಅವರ ಬಾಯಲ್ಲಿ ಗಾಯಕರು ಮೊದಲು ಗಾನಗಂಧರ್ವರಾಗುತ್ತಾರೆ, ಆಮೇಲೆ ನಾದಯೋಗಿಯಾಗುತ್ತಾರೆ, ಕೊನೆಗೆ ಸರಸ್ವತಿಯ ವರಪುತ್ರರಾಗಿ ನಿಲ್ಲುತ್ತಾರೆ. ಈಗಷ್ಟೇ ಹಾಡಿದ ತೋಡಿಯ ಬಗ್ಗೆ ಒಂದು ಮಾತಿಲ್ಲ. ಹೆಸರು ಬದಲಿಸಿದರೆ ಇದೇ ಭಾಷಣವನ್ನು ಮುಂದಿನ ವಾರ ಕಣ್ಣಿನ ಡಾಕ್ಟರೊಬ್ಬರಿಗೂ ಮಾಡಬಹುದು. ಮಾಡುತ್ತಾರೆ ಕೂಡ, ನಾನು ಕೇಳಿದ್ದೇನೆ.

ಈ ಸಿಟ್ಟಿಗೆ ನಾನು ಕೂರುತ್ತಿದ್ದ ಜಾಗವೂ ಒಂದು ಕಾರಣ. ಹುಡುಗನಾಗಿದ್ದಾಗ ನನಗೂ ಹಾಡುವ ಆಸೆಯಿತ್ತು. ಪಾಠ ಹೇಳುತ್ತಿದ್ದ ಮೇಷ್ಟರು ಕೆಲವು ಕಾಲ ಸಹಿಸಿಕೊಂಡರು. ಒಂದು ದಿನ ನಮ್ಮ ತಂದೆಯವರನ್ನು ಕರೆದು, "ಹುಡುಗನ ಕಿವಿ ಚೆನ್ನಾಗಿದೆ ಸ್ವಾಮಿ. ಅದೇ ತೊಂದರೆ. ತಾನು ಹಾಡೋದು ಅವನಿಗೇ ಕೇಳಿಸುತ್ತೆ, ಅವನಿಗೇ ಬೇಜಾರಾಗುತ್ತೆ. ತಂಬೂರಿ ಹಿಡೀಲಿ ಬಿಡಿ" ಅಂದರು. ಹಾಗೆ ನಾನು ರಾಮೋತ್ಸವದ ಚಪ್ಪರಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ, ದೊಡ್ಡವರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತೆ. ಜನ ನನ್ನನ್ನು ವೇದಿಕೆಯ ಪರದೆಯ ಒಂದು ಭಾಗ ಎಂದುಕೊಂಡಿದ್ದರು. ಫೋಟೋದಲ್ಲಿ ನನ್ನ ಒಂದು ಕಿವಿ ಮತ್ತು ತಂಬೂರಿಯ ಮೇಲ್ತುದಿ ಬರುತ್ತಿತ್ತು.

ಆದರೆ ಹಿಂದೆ ಕೂತವನಿಗೆ ಬೇರೆಯದೇ ಕಚೇರಿ ಕಾಣುತ್ತದೆ. ಸಭಿಕರಿಗೆ ಗಾಯಕರ ಮುಖ ಕಂಡರೆ ನನಗೆ ಅವರ ಜುಬ್ಬದ ಬೆನ್ನು ಒದ್ದೆಯಾಗುವುದು ಕಾಣುತ್ತಿತ್ತು. ಅದು ಯಾವ ರಾಗದಲ್ಲಿ, ಯಾವ ಹೊತ್ತಿಗೆ ಒದ್ದೆಯಾಗುತ್ತದೆ ಎನ್ನುವುದೂ ಗೊತ್ತಿತ್ತು. ಸನ್ಮಾನದ ಭಾಷಣ ನಡೆಯುವಾಗ ಪಿಟೀಲಿನವರೂ ಮೃದಂಗದವರೂ ತುಟಿ ಅಲುಗಿಸದೆ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳುವ ಭಾಗ್ಯ ನನ್ನೊಬ್ಬನದು. ಆ ಮಾತಿನಲ್ಲಿ ಗಂಧರ್ವರು ಸುಳಿಯುತ್ತಿರಲಿಲ್ಲ. "ಪಲ್ಲವೀಲಿ ಎಡುಪು ಎಲ್ಲಿಟ್ಟರು ಅಂತ ಅವರಿಗಾದರೂ ಗೊತ್ತಿತ್ತೇನ್ರಿ?" "ಮಧ್ಯಾಹ್ನ ಹೋಳಿಗೆ ಜಾಸ್ತಿ ಆಯ್ತು, ನೋಡಿ, ಮೇಲ್ಷಡ್ಜ ಏಳ್ತಾ ಇಲ್ಲ." ಒಬ್ಬ ಹಿರಿಯ ಮೃದಂಗ ವಿದ್ವಾಂಸರು ಗಾಯಕರನ್ನೆಲ್ಲ ಎರಡೇ ಬಗೆ ಮಾಡಿಟ್ಟಿದ್ದರು: ಜೊತೆಗೆ ನುಡಿಸಿದ ರಾತ್ರಿ ನಿದ್ದೆ ಬರುವವರು, ಬಾರದವರು. ನಿದ್ದೆ ಬರುವವರು ಒಳ್ಳೆಯವರೋ ಬಾರದವರು ಒಳ್ಳೆಯವರೋ ಎಂದು ಅವರು ಬಿಡಿಸಿ ಹೇಳಲಿಲ್ಲ.

ಇಂಥ ಮಾತಿನ ರುಚಿ ಹತ್ತಿದವನು ನಾನು ಜಾಝ್ ಪುಸ್ತಕಗಳಿಗೆ ಬಿದ್ದದ್ದು ಆಶ್ಚರ್ಯವಲ್ಲ. ಆಗಿನ್ನೂ ಜಾಝ್ ಹೆಚ್ಚೇನೂ ಕೇಳಿರಲಿಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಮಿಲ್ಟ್ ಹಿಂಟನ್ ಎಂಬ ಬಾಸ್ ವಾದಕನ ಆತ್ಮಕಥೆ ಸಿಕ್ಕಿತು, 1988ರಲ್ಲಿ ಅಚ್ಚಾದದ್ದು. ತುಂಬ ಫೋಟೋಗಳಿದ್ದವು ಎಂದು ತೆಗೆದುಕೊಂಡೆ. ಹಿಂಟನ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪ್ಪಿಯ ವಿಕ್ಸ್‌ಬರ್ಗಿನಲ್ಲಿ, ಬೆಳೆದದ್ದು ಶಿಕಾಗೋದಲ್ಲಿ. ಕಲಿತದ್ದು ಪಿಟೀಲು. ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರಿನಲ್ಲಿ ಪರದೆಯ ಕೆಳಗೆ ಕೂತು ನುಡಿಸುವವರಿಗೆ ಕೆಲಸವಿತ್ತು. ಚಿತ್ರ ಮಾತಾಡತೊಡಗಿದ್ದೇ ಅವರೆಲ್ಲ ಮನೆಗೆ ಹೋದರು. ಹುಡುಗ ಪಿಟೀಲು ಕೆಳಗಿಟ್ಟು ಬೀರುವಿನಷ್ಟಿರುವ ಡಬಲ್ ಬಾಸ್ ತಬ್ಬಿಕೊಂಡ, ಬ್ಯಾಂಡಿನ ಹಿಂದೆ ಹೋಗಿ ನಿಂತ. ಇಷ್ಟು ಓದಿದ್ದೇ ಈ ಮನುಷ್ಯ ನಮ್ಮವನು ಅನ್ನಿಸಿತು.

1936ರಿಂದ 1951ರವರೆಗೆ ಆತ ಕ್ಯಾಬ್ ಕ್ಯಾಲೋವೇಯ ಬ್ಯಾಂಡಿನಲ್ಲಿದ್ದ. 1935ರಲ್ಲಿ ಯಾರೋ ಉಡುಗೊರೆ ಕೊಟ್ಟ ಕ್ಯಾಮೆರಾ ಒಂದಿತ್ತು. ಜೊತೆಯವರು ರೈಲಿನಲ್ಲಿ ಬಾಯಿ ತೆರೆದು ಮಲಗಿರುವುದನ್ನು, ಇಸ್ಪೀಟು ಆಡುವುದನ್ನು, ಕರಿಯರಿಗೆ ಪ್ರತ್ಯೇಕ ಎಂದು ಬೋರ್ಡು ಹಾಕಿದ ಬಾಗಿಲುಗಳ ಕೆಳಗೆ ನಗುತ್ತ ನಿಂತಿರುವುದನ್ನು ತೆಗೆಯುತ್ತ ಹೋದ. ಕೊನೆಗೆ ಅವು ಸುಮಾರು 60,000 ಆದವು. ಹಾಗೆ ನೋಡಿದರೆ ಇತಿಹಾಸಕಾರರು ಮಾಡಬೇಕಾದ ಕೆಲಸ. ಅವರಿಗೆ ಆ ರೈಲಿನಲ್ಲಿ ಜಾಗವಿರಲಿಲ್ಲ, ಅಷ್ಟೇ.

ಆ ಬ್ಯಾಂಡಿಗೆ ಡಿಜ್ಜಿ ಗಿಲೆಸ್ಪಿ ಎಂಬ ಇಪ್ಪತ್ತೊಂದರ ತುಂಟ ಟ್ರಂಪೆಟ್ ಹಿಡಿದು ಬಂದ. ಯಜಮಾನ ಕ್ಯಾಲೋವೇಗೆ ಅವನ ಹೊಸ ಸ್ವರಗಳು ಚೀನೀ ಸಂಗೀತದಂತೆ ಕೇಳಿಸುತ್ತಿದ್ದವಂತೆ. ಹಿಂಟನ್‌ಗೆ ಮಾತ್ರ ಅದರಲ್ಲೇನೋ ಇದೆ ಅನ್ನಿಸಿತು. ಎರಡು ಆಟಗಳ ಮಧ್ಯೆ ಇಬ್ಬರೂ ಕಾಟನ್ ಕ್ಲಬ್ಬಿನ ಮಾಳಿಗೆಗೆ ಹೋಗುತ್ತಿದ್ದರು. ಕಿರಿಯ ಹೇಳಿಕೊಡುವುದು, ಹಿರಿಯ ಕಲಿಯುವುದು. ಅಷ್ಟೆತ್ತರಕ್ಕೆ ಆ ಬಾಸನ್ನು ಹೊತ್ತುಕೊಂಡು ಹೋದದ್ದನ್ನು ಓದುವಾಗ ನನಗೆ ನನ್ನ ತಂಬೂರಿ, ಸಿಟಿ ಬಸ್ಸು ಮತ್ತು ಒಬ್ಬ ಕಂಡಕ್ಟರು ನೆನಪಾದರು. ಅದು ಬೇರೆ ಕಥೆ. ಸಂಜೆ ವೇದಿಕೆಯಲ್ಲಿ ಹೊಸ ಪಾಠ ಸರಿಯಾಗಿ ಬಂದರೆ ಡಿಜ್ಜಿ ಹಿಂದಿನಿಂದ ತಲೆಯಾಡಿಸುತ್ತಿದ್ದ, ತಪ್ಪಿದರೆ ಮೂಗು ಮುಚ್ಚಿಕೊಂಡು ತೋರಿಸುತ್ತಿದ್ದನಂತೆ. ವಿಮರ್ಶೆ ಎಂದರೆ ಇದು. ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ.

1941ರಲ್ಲಿ ಹಾರ್ಟ್‌ಫರ್ಡಿನ ಥಿಯೇಟರೊಂದರಲ್ಲಿ ಹಿಂಟನ್ ಮುಂದೆ ಬಂದು ನುಡಿಸುತ್ತಿದ್ದಾಗ ಎಲ್ಲಿಂದಲೋ ಒಂದು ಎಂಜಲು ಕಾಗದದುಂಡೆ ಹಾರಿಬಂದು ಬೆಳಕಿನ ನಡುವೆ ಬಿತ್ತು. ಎಸೆದದ್ದು ಬ್ಯಾಂಡಿನವನೇ ಆದ ಜೋನಾ ಜೋನ್ಸ್. ಯಜಮಾನನ ಕಣ್ಣು ಹೋದದ್ದು ಡಿಜ್ಜಿಯ ಮೇಲೆ, ಏಕೆಂದರೆ ಎಲ್ಲ ತುಂಟತನವೂ ಅವನ ಖಾತೆಗೇ ಜಮೆಯಾಗುತ್ತಿತ್ತು. ಪರದೆ ಬಿದ್ದ ಮೇಲೆ ಮಾತು ಬೆಳೆಯಿತು, ಕೈ ಬೆಳೆಯಿತು, ಡಿಜ್ಜಿ ಚಾಕು ತೆಗೆದ. ಹಿಂಟನ್ ಅವನ ಕೈಗೆ ಹೊಡೆದು ದಿಕ್ಕು ತಪ್ಪಿಸಿದ. ಕ್ಯಾಲೋವೇ ತನ್ನ ಕೋಣೆಗೆ ಹೋಗಿ ನೋಡಿದರೆ ಬಿಳಿ ಸೂಟಿನ ಮೇಲೆ ರಕ್ತ. ಆ ರಾತ್ರಿಯೇ ಡಿಜ್ಜಿಗೆ ಗೇಟ್‌ಪಾಸು. ಒಬ್ಬನ ಗುರಿಗೆ ಇನ್ನೊಬ್ಬ ಹೊಣೆಯಾದ ಈ ಪ್ರಸಂಗವನ್ನು ಆಮೇಲೆ ಎಲ್ಲರೂ ಅವರವರ ಕಡೆಯಿಂದ ಹೇಳಿದ್ದಾರೆ. 1979ರ ತನ್ನ ಆತ್ಮಕಥೆಯಲ್ಲಿ ಡಿಜ್ಜಿ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು: ತನ್ನ ಮಾತಿನ ಮಧ್ಯೆ ಮಧ್ಯೆ ಜೊತೆಯವರ ಮಾತನ್ನೂ ಅಚ್ಚುಹಾಕಿಸಿದ. ಕ್ಯಾಲೋವೇ ಕೂಡ ಬಂದು ಮಾತಾಡಿ ಹೋಗುತ್ತಾನೆ. ಆತ್ಮಕಥೆಗೆ ಸಾಕ್ಷಿಗಳನ್ನು ಕರೆಸುವ ಧೈರ್ಯ ಎಷ್ಟು ಜನಕ್ಕಿದೆ?

ಎಲ್ಲ ವಾದಕರೂ ಹೀಗೆ ಬಾಯಿಬಿಡುವವರಲ್ಲ. ಡ್ಯೂಕ್ ಎಲಿಂಗ್ಟನ್ 1973ರಲ್ಲಿ ಬರೆದ ಪುಸ್ತಕದಲ್ಲಿ ಕೆಟ್ಟವರೇ ಇಲ್ಲ. ಅಷ್ಟು ದಶಕ ಅಷ್ಟು ಜನ ಕುಡುಕರನ್ನೂ ಜಗಳಗಂಟರನ್ನೂ ಊರೂರು ತಿರುಗಿಸಿದವನ ಪುಸ್ತಕದಲ್ಲಿ ಎಲ್ಲರೂ ಸಜ್ಜನರು, ಎಲ್ಲರೂ ಪ್ರತಿಭಾವಂತರು. ನಮ್ಮ ಸಭೆಗಳಿಗೆ ಇಂಥ ಮುಖ್ಯ ಅತಿಥಿ ಸಿಕ್ಕಿದ್ದರೆ ಕಾರ್ಯದರ್ಶಿಗಳು ಬಿಡುತ್ತಿರಲಿಲ್ಲ. ನಿಜವಾದ ಎಲಿಂಗ್ಟನ್ ಬೇಕಾದರೆ ಅವನ ಕೈಕೆಳಗೆ ಇದ್ದವರನ್ನು ಕೇಳಬೇಕು. 1953ರಲ್ಲಿ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಎಲಿಂಗ್ಟನ್ನನ ಬ್ಯಾಂಡಿನಲ್ಲಿ ಕೆಲವೇ ದಿನ ಇದ್ದ. ಟ್ರಾಂಬೋನಿನ ಹ್ವಾನ್ ಟಿಜಾಲ್ ಜೊತೆ ಹೊಡೆದಾಟವಾಯಿತು. ಮಿಂಗಸ್ಸನೇ ಬರೆದಿರುವಂತೆ, ಎಲಿಂಗ್ಟನ್ ಅವನನ್ನು ಕರೆದು ಒಂದಿಷ್ಟೂ ದನಿ ಏರಿಸಲಿಲ್ಲ. ಮಿಂಗಸ್ ವೇದಿಕೆಯ ಮೇಲೆ ಹಾರಿದ ಹಾರಾಟವನ್ನು ಬಾಯ್ತುಂಬ ಹೊಗಳಿದ. ಇಂಥದೊಂದು ನೃತ್ಯ ಇದೆಯೆಂದು ಮುಂಚೆಯೇ ತಿಳಿಸಿದ್ದರೆ ಅದಕ್ಕೊಂದಿಷ್ಟು ಸಂಗೀತ ಬರೆಯುತ್ತಿದ್ದೆನಲ್ಲ ಎಂದು ಪೇಚಾಡಿದ. ತಾನು ಯಾರನ್ನೂ ಕೆಲಸದಿಂದ ತೆಗೆಯುವವನಲ್ಲ, ಆದ್ದರಿಂದ ರಾಜೀನಾಮೆಯನ್ನು ದಯಮಾಡಿ ನೀವೇ ಕೊಡಿ ಎಂದ. ಮಿಂಗಸ್‌ಗೆ ಸನ್ಮಾನವಾದ ಹಾಗೇ ಅನ್ನಿಸಿರಬೇಕು. ಮಿಂಗಸ್ ಉಪ್ಪುಖಾರ ಹಚ್ಚದೆ ಏನನ್ನೂ ಬರೆದವನಲ್ಲ. ಆದರೂ ಎಲಿಂಗ್ಟನ್ ಬಗ್ಗೆ ನಾನು ಓದಿದ ಎಲ್ಲ ಹೊಗಳಿಕೆಗಿಂತ ಈ ಬೈಗುಳದಲ್ಲಿ ಅವನು ಹೆಚ್ಚು ಸಿಗುತ್ತಾನೆ.

ಅದೇ ಬ್ಯಾಂಡಿನ ಜಾನಿ ಹಾಡ್ಜಸ್ ಇನ್ನೊಂದು ಬಗೆಯ ವಿಮರ್ಶಕ. ಕಲ್ಲಿನ ಮುಖ ಮಾಡಿಕೊಂಡು ಬಂದು, ಬೆಣ್ಣೆ ಕರಗಿಸುವ ಸ್ಯಾಕ್ಸೊಫೋನ್ ನುಡಿಸಿ, ಅದೇ ಕಲ್ಲಿನ ಮುಖದಲ್ಲಿ ವಾಪಸು ಹೋಗಿ ಕೂರುವವನು. ಯಜಮಾನರು ಮೈಕಿನ ಮುಂದೆ ಒಂದು ಹಾಡನ್ನು ತಮ್ಮದೆಂದು ಹೇಳಿಕೊಳ್ಳುವಾಗ, ಅದರ ಮೂಲ ಎಲ್ಲಿಯದೆಂದು ಬಲ್ಲ ಹಾಡ್ಜಸ್ ಕುರ್ಚಿಯಲ್ಲಿ ಕೂತಲ್ಲೇ ಬೆರಳುಗಳಿಂದ ನೋಟು ಎಣಿಸುವ ಅಭಿನಯ ಮಾಡುತ್ತಿದ್ದ. ಸಭಿಕರಿಗೆ ಅರ್ಥವಾಗದು, ಹಿಂದಿನ ಸಾಲಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಇದಕ್ಕೆಲ್ಲ ಎಲಿಂಗ್ಟನ್ ಕೊಟ್ಟ ಉತ್ತರ ಅವನಿಗಾಗಿ ಇನ್ನೊಂದು ಚೆಂದದ ಹಾಡು ಬರೆದದ್ದು.

ಹೊಗಳುವುದಾದರೂ ವಾದಕರು ಹೊಗಳುವ ರೀತಿ ಬೇರೆ. 1956ರ ಜುಲೈ 7ರ ರಾತ್ರಿ ನ್ಯೂಪೋರ್ಟ್ ಉತ್ಸವದಲ್ಲಿ ಇದೇ ಬ್ಯಾಂಡಿನ ಪಾಲ್ ಗೊನ್ಸಾಲ್ವಿಸ್ ಒಂದು ಬ್ಲೂಸನ್ನು ಹಿಡಿದು 27 ಆವರ್ತ ನಿಲ್ಲಿಸದೆ ನುಡಿಸಿದ. ಬೇರೆ ದಿನಗಳಲ್ಲಿ ವೇದಿಕೆಯ ಮೇಲೆಯೇ ತೂಕಡಿಸುವವನೆಂದು ಹೆಸರಾದ ಮನುಷ್ಯ. ಜನ ಎದ್ದು ಕುಣಿದರು, ಪತ್ರಿಕೆಗಳು ಬರೆದವು, ಎಲ್ಲ ಸರಿ. ನನಗೆ ಇಷ್ಟವಾದ ದೃಶ್ಯ ವೇದಿಕೆಯ ಅಂಚಿನಲ್ಲಿದೆ. ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಹೆಸರು ಮಾಡಿದ ಡ್ರಮ್ಮಿನ ಜೋ ಜೋನ್ಸ್ ಅಲ್ಲಿ ನಿಂತು, ಸುತ್ತಿದ ಪೇಪರಿನಿಂದ ವೇದಿಕೆಯ ಹಲಗೆ ಬಡಿಯುತ್ತ ಎದುರು ಪಾಳಯದ ತಾಳಕ್ಕೆ ಜೀವ ಕೊಡುತ್ತಿದ್ದ. ಆ ರಾತ್ರಿ ಆತನಿಗೂ ಅವರಿಗೂ ಯಾವ ಲೆಕ್ಕಾಚಾರವೂ ಇರಲಿಲ್ಲ. ಒಳ್ಳೆಯದು ನಡೆಯುತ್ತಿದೆ, ಕೈ ಸುಮ್ಮನಿರುವುದಿಲ್ಲ. ಮುಂದಿನ ಸಾಲಿನಲ್ಲಿ ತೊಡೆ ತಟ್ಟುವ ನಮ್ಮ ರಸಿಕರೂ ಹೀಗೆಯೇ, ಅವರು ಒಂದಿಷ್ಟು ತಾಳದೊಳಗೆ ತಟ್ಟಿದ್ದರೆ.

ಗೊನ್ಸಾಲ್ವಿಸ್ ಎಂದಾಗಲೆಲ್ಲ ನನಗೆ ಮುಂಬಯಿ ನೆನಪಾಗುತ್ತದೆ. 'ಅಮರ್ ಅಕ್ಬರ್ ಆಂಥನಿ'ಯಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಬಂದು ಹೇಳುವ ಆ ಹೆಸರು ನಿಜವಾಗಿ ಗೋವೆಯ ಒಬ್ಬ ಪಿಟೀಲು ವಾದಕರದು. ಸಂಗೀತ ಕೊಟ್ಟ ಲಕ್ಷ್ಮೀಕಾಂತ್‌–ಪ್ಯಾರೇಲಾಲ್ ಜೋಡಿಯಲ್ಲಿ ಪ್ಯಾರೇಲಾಲ್ ಅವರ ಶಿಷ್ಯರು. ಹಿಂದಿನ ಸಾಲಿನ ಗುರುವೊಬ್ಬರಿಗೆ ಇಡೀ ದೇಶದ ಬಾಯಲ್ಲಿ ಹೆಸರು ಹೇಳಿಸಿದ ಗುರುದಕ್ಷಿಣೆ ಅದು. ಕೇಳಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ ಎನ್ನುವುದೂ ಹಿಂದಿನ ಸಾಲಿಗೆ ತಕ್ಕದ್ದೇ.

ಶಿಷ್ಯರ ಮಾತು ಬಂತಲ್ಲ. ಎಲಿಂಗ್ಟನ್ ಜೊತೆಗಿದ್ದ ಇನ್ನೊಬ್ಬ, ಕಾರ್ನೆಟ್ ನುಡಿಸುವ ರೆಕ್ಸ್ ಸ್ಟುವರ್ಟ್, ಚೆನ್ನಾಗಿ ಬರೆಯುತ್ತಿದ್ದ. ತನ್ನ ಕಾಲದ ವಾದಕರನ್ನು ಅವನಷ್ಟು ಸೊಗಸಾಗಿ ಚಿತ್ರಿಸಿದವರು ಕಡಿಮೆ. 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿಗೆ ಬಂದಾಗ ಇವನಿಗೆ ಹುಚ್ಚು ಹಿಡಿಯಿತು. ಲೂಯಿ ನಡೆದ ಹಾಗೆ ನಡೆದ, ಮಾತಾಡಿದ ಹಾಗೆ ಮಾತಾಡಿದ, ತಿಂದದ್ದನ್ನೇ ತಿಂದ. ಲೂಯಿ ಹಾಕುತ್ತಿದ್ದಂಥದೇ ದಪ್ಪ ಪೊಲೀಸ್ ಬೂಟು ಕೊಂಡ. ಅವನು ಹೊರಗೆ ಬರುವುದನ್ನು ನೋಡಲು ಮನೆಯ ಮುಂದೆ ಕಾದು ನಿಂತ. ಮುಂದೆ ಲೂಯಿಯೇ ತಾನು ಬಿಟ್ಟ ಬ್ಯಾಂಡಿನಲ್ಲಿ ತನ್ನ ಜಾಗಕ್ಕೆ ಇವನ ಹೆಸರು ಹೇಳಿದಾಗ, ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ತನಗಿಲ್ಲವೆಂದು ಹೆದರಿ ಸ್ವಲ್ಪ ದಿನದಲ್ಲೇ ಬಿಟ್ಟು ಓಡಿದ. ಇದನ್ನು ಓದುವಾಗ ನನಗೆ ನಮ್ಮ ಚಿಕ್ಕಪ್ಪನ ಮಗ ಕಣ್ಣಮುಂದೆ ಬಂದ. ಅವನ ಗುರುಗಳಿಗೆ ದಮ್ಮಿನ ತೊಂದರೆ. ಅನುಪಲ್ಲವಿ ಎತ್ತುವ ಮೊದಲು ಸಣ್ಣಗೆ ಕೆಮ್ಮುತ್ತಿದ್ದರು. ಇವನೂ ಅಷ್ಟೇ ಶ್ರದ್ಧೆಯಿಂದ, ಅದೇ ಜಾಗದಲ್ಲಿ, ಅದೇ ಶ್ರುತಿಯಲ್ಲಿ ಕೆಮ್ಮು ಕಲಿತ. ಈಗ ಅವನು ಮಕ್ಕಳಿಗೆ ಪಾಠ ಹೇಳುತ್ತಾನೆ. ಮಕ್ಕಳೂ ಕೆಮ್ಮುತ್ತವೆ.

ದೊಡ್ಡವರ ಮರೆವಿನ ಬಗ್ಗೆ ಬಾಸ್ ವಾದಕ ಬಿಲ್ ಕ್ರೋ ಕೂಡಿಸಿಟ್ಟದ್ದು ಒಂದು ಭಂಡಾರ. 1962ರಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡಿನ ಜೊತೆ ಸೋವಿಯತ್ ರಷ್ಯಾಕ್ಕೆ ಹೋಗಿಬಂದ ಈತ, ಆ ಪ್ರವಾಸದ ಕಷ್ಟಸುಖವನ್ನು, ಅದರಲ್ಲೂ ಕಷ್ಟವನ್ನು, ವಿವರವಾಗಿ ಬರೆದಿದ್ದಾನೆ. ಯಾರಾದರೂ ಸ್ವಲ್ಪ ಚೆನ್ನಾಗಿ ನುಡಿಸಿದರೂ ತಪ್ಪಾಗಿ ನುಡಿಸಿದರೂ ಗುಡ್‌ಮನ್ ಒಂದೇ ದುರುಗುಟ್ಟುವ ನೋಟ ಬೀರುತ್ತಿದ್ದನಂತೆ; ಯಾವುದಕ್ಕೆ ಎಂದು ತಿಳಿಯದೆ ಜನ ಕೆಲಸ ಬಿಡುತ್ತಿದ್ದರು. ಹೆಸರುಗಳು ನೆನಪಿರದೆ ಎಲ್ಲರನ್ನೂ 'ಪಾಪ್ಸ್' ಎಂದು ಕರೆಯುತ್ತಿದ್ದ. ವಾದಕರ ವಲಯದಲ್ಲಿ ಓಡಾಡುವ ಇನ್ನೊಂದು ಕಥೆ: ಅವನ ಮನೆಯಲ್ಲಿ ಅಭ್ಯಾಸ ನಡೆದಿತ್ತು, ಕೋಣೆ ಕೊರೆಯುತ್ತಿತ್ತು. ಹಾಡುವಾಕೆ ಚಳಿಯಾಗುತ್ತಿದೆ ಎಂದಳು. ಹೌದಲ್ಲ ಎಂದು ಗುಡ್‌ಮನ್ ಎದ್ದು ಒಳಗೆ ಹೋದ. ದಪ್ಪ ಸ್ವೆಟರೊಂದನ್ನು ಹಾಕಿಕೊಂಡು ಬಂದು, ಈಗ ಶುರುಮಾಡೋಣ ಎಂದ. ಈ ಕಥೆ ಕೇಳಿದ ಮೇಲೆ ಗುಡ್‌ಮನ್‌ನ ಕ್ಲಾರಿನೆಟ್ಟು ನನಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ತನ್ನ ನಾದದ ಹೊರಗೆ ಜಗತ್ತೊಂದು ಇದೆ ಎಂಬ ಸುದ್ದಿಯೇ ಇಲ್ಲದವನು ಹಾಗೆ ನುಡಿಸಬಲ್ಲ.

ಮೈಲ್ಸ್ ಡೇವಿಸ್ ಮಾತ್ರ ನನ್ನಂಥ ತಂಬೂರಿಯವನಿಗೆ ದುಃಸ್ವಪ್ನ. 1954ರ ಕ್ರಿಸ್‌ಮಸ್ ಹಿಂದಿನ ದಿನದ ಧ್ವನಿಮುದ್ರಣದಲ್ಲಿ ತಾನು ನುಡಿಸುವಾಗ ಹಿಂದೆ ಪಿಯಾನೋ ಬೇಡ, ಸುಮ್ಮನಿರು ಎಂದು ಥೆಲೋನಿಯಸ್ ಮಂಕ್‌ಗೆ ಹೇಳಿದ. ಹೇಳಿದ್ದು ಯಾರಿಗೆ? ವಯಸ್ಸಿನಲ್ಲಿ ಹಿರಿಯನಾದ, ಹೊಸ ಸಂಗೀತದ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಮಂಕ್‌ಗೆ! ಇಬ್ಬರೂ ಹೊಡೆದಾಡಿದರೆಂದು ಸುದ್ದಿ ಹಬ್ಬಿತು. ಆಮೇಲೆ ಮೈಲ್ಸ್ ಅದನ್ನು ಅಲ್ಲಗಳೆದ. ಕೊಟ್ಟ ಕಾರಣ ಸೌಜನ್ಯವಲ್ಲ, ಮಂಕ್‌ನ ಗಾತ್ರ. ಆ ತಟ್ಟೆಯನ್ನು ಕೇಳಿದಾಗಲೆಲ್ಲ ನನ್ನ ಗಮನ ಮಂಕ್ ನುಡಿಸದೆ ಇರುವ ಜಾಗಗಳಿಗೇ ಹೋಗುತ್ತದೆ. ಸುಮ್ಮನಿರುವುದೂ ಅಲ್ಲಿ ಅವನದೇ ಅನ್ನಿಸುತ್ತದೆ. ಮೈಲ್ಸ್ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ಮಾತ್ರ ನನ್ನ ಕುಲಧರ್ಮ ಬಿಡುವುದಿಲ್ಲ.

ಮಂಕ್‌ನದೇ ಇನ್ನೊಂದು ಪ್ರಸಂಗ. 1958ರ ಆಗಸ್ಟ್‌ನಲ್ಲಿ ಒಂದು ಪತ್ರಿಕೆಗಾಗಿ 57 ಮಂದಿ ವಾದಕರು ಹಾರ್ಲೆಮಿನ ಒಂದು ಮನೆಯ ಮೆಟ್ಟಿಲ ಮೇಲೆ ಫೋಟೋಗೆ ನಿಂತರು. ಕರೆದದ್ದು ಬೆಳಿಗ್ಗೆ 10 ಗಂಟೆಗೆ; ಒಂದು ದಿನಕ್ಕೆ ಎರಡು ಹತ್ತು ಗಂಟೆ ಇರುತ್ತವೆಂದು ಅವತ್ತೇ ಗೊತ್ತಾಯಿತು ಎಂದು ಅವರಲ್ಲೇ ತಮಾಷೆಯಿತ್ತು. ಮಂಕ್ ಕಾರನ್ನು ಕಾಯಿಸಿ, ಮನೆಯಲ್ಲಿ ಬಟ್ಟೆಗಳನ್ನು ಹಾಕಿ ತೆಗೆದು, ಕೊನೆಗೆ ತಿಳಿ ಹಳದಿ ಕೋಟು ತೊಟ್ಟು ಬಂದ. ಉಳಿದವರೆಲ್ಲ ಕಪ್ಪು ತೊಟ್ಟಿರುತ್ತಾರೆಂದು ಅವನ ಲೆಕ್ಕ. ಬಂದು ಇಬ್ಬರು ಹೆಣ್ಣುಮಕ್ಕಳ ಪಕ್ಕದಲ್ಲಿ ನಿಂತ, ಕಣ್ಣುಗಳು ಅಲ್ಲಿಗೇ ಹೋಗುತ್ತವೆಂದು. ಇಷ್ಟು ಯೋಚನೆ ಮಾಡುವವನನ್ನು ಜಗತ್ತು ಅನ್ಯಮನಸ್ಕ ಎಂದು ಕರೆಯಿತು. ಹಿರಿಯ ಪಿಯಾನೋ ವಾದಕ ವಿಲ್ಲಿ 'ದ ಲಯನ್' ಸ್ಮಿತ್ ನಿಂತು ನಿಂತು ಸಾಕಾಗಿ ಪಕ್ಕದ ಮನೆ ಮೆಟ್ಟಿಲಿಗೆ ಹೋಗಿ ಕೂತ. ಆರಿಸಿದ ಚಿತ್ರದಲ್ಲಿ ಅವನಿಲ್ಲ. ಹಿಂಟನ್ ಅಲ್ಲೂ ಇದ್ದ, ಕ್ಯಾಮೆರಾ ಸಮೇತ. ಹೆಂಡತಿ ಮೋನಾ ಕೈಗೆ ಸಣ್ಣ ಸಿನಿಮಾ ಕ್ಯಾಮೆರಾ ಕೊಟ್ಟಿದ್ದ. ಅಧಿಕೃತ ಫೋಟೋದಲ್ಲಿ ಬಹಳ ಮಂದಿ ಗಂಭೀರ. ಮೋನಾ ತೆಗೆದದ್ದರಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಹರಟುತ್ತಿದ್ದಾರೆ.

1957ರ ಡಿಸೆಂಬರಿನ ಒಂದು ಟೆಲಿವಿಷನ್ ಕಾರ್ಯಕ್ರಮದಲ್ಲೂ ಬಾಸ್ ಹಿಂಟನ್‌ದೇ. ಬಿಲ್ಲಿ ಹಾಲಿಡೇ ಹಾಡುತ್ತಾಳೆ. ಸುತ್ತ ಸ್ಯಾಕ್ಸೊಫೋನಿನ ಘಟಾನುಘಟಿಗಳು. ಅವಳಿಗೆ 'ಲೇಡಿ ಡೇ' ಎಂದು ಹೆಸರಿಟ್ಟ, ಅವಳಿಂದ 'ಪ್ರೆಜ್' ಎನ್ನಿಸಿಕೊಂಡ ಲೆಸ್ಟರ್ ಯಂಗ್ ಸುಸ್ತಾಗಿ ಕೂತಿದ್ದಾನೆ. ತನ್ನ ಸರದಿಗೆ ಎದ್ದು ನಿಂತು ಒಂದೇ ಆವರ್ತ, ಬೆರಳೆಣಿಕೆಯ ಸ್ವರ. ಅವಳು ನೋಡುತ್ತ ತಲೆಯಾಡಿಸುವುದನ್ನು ಯಾರು ಬೇಕಾದರೂ ಈಗ ಯೂಟ್ಯೂಬಿನಲ್ಲಿ ನೋಡಬಹುದು. 1959ರಲ್ಲಿ ಇಬ್ಬರೂ ನಾಲ್ಕು ತಿಂಗಳ ಅಂತರದಲ್ಲಿ ತೀರಿಕೊಂಡರು. ಜೊತೆಯ ವಾದಕನ ಬಗ್ಗೆ ಇದಕ್ಕಿಂತ ದೊಡ್ಡ ಅಭಿಪ್ರಾಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದೂ ಇಲ್ಲ.

ನಮ್ಮ ಕಡೆಯ ಒಂದು ಎಳೆಯೂ ಇಲ್ಲಿ ಸಿಕ್ಕಿಕೊಂಡಿದೆ. ಮಿಂಗಸ್‌ನ 1963ರ ಹೆಸರಾಂತ ತಟ್ಟೆಯೊಂದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಬಾಸ್ಟನ್ನಿನ ಚಾರ್ಲಿ ಮಾರಿಯಾನೋ, ಇಪ್ಪತ್ತು ವರ್ಷದ ನಂತರ ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಅವರ ಜೊತೆ 'ಜ್ಯೋತಿ' ಎಂಬ ತಟ್ಟೆ ಮಾಡಿದ. ಮಿಂಗಸ್‌ನ ಕೋಪವನ್ನು ಕಂಡುಂಡವನಿಗೆ ನಮ್ಮ ಕೊನ್ನಕ್ಕೋಲಿನ ಲೆಕ್ಕ ಸುಲಭವೆನ್ನಿಸಿತೋ ಕಷ್ಟವೆನ್ನಿಸಿತೋ. ಕದ್ರಿ ಗೋಪಾಲನಾಥರದು ಇನ್ನೂ ಸ್ವಾರಸ್ಯ. ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ಅದನ್ನು ಗಮಕಕ್ಕೆ ಬಗ್ಗಿಸಿದ್ದು ಎಲ್ಲರಿಗೂ ಗೊತ್ತು. ಅತ್ತ ಅಮೆರಿಕದ ಕೊಲರಾಡೋದಲ್ಲಿ ಕನ್ನಡ ಮೂಲದ ಮನೆಯಲ್ಲಿ ಬೆಳೆದ ರುದ್ರೇಶ ಮಹಂತಪ್ಪ ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದರು. ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ತಂದುಕೊಟ್ಟರು. ಹೆಸರೇ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ನಗಲೆಂದು ಹಾಕಿದರೆ ಒಳಗಿದ್ದವರು ಕದ್ರಿಯವರು. ನಗು ನಿಂತಿತು. 2008ರಲ್ಲಿ ಇಬ್ಬರೂ ಕೂಡಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ತಂದರು, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರು, ಡ್ರಮ್ಸು, ಬಾಸ್.

ಅದನ್ನು ಮೊನ್ನೆ ನಮ್ಮ ಚಿಕ್ಕಪ್ಪನ ಮಗನಿಗೆ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಎರಡು ಸ್ಯಾಕ್ಸೊಫೋನು ಒಂದರ ಮೇಲೊಂದು ಏರಿ ಹೋಗುವಲ್ಲಿ ಏನಾದರೂ ಅನ್ನುತ್ತಾನೆಂದು ಕಾದೆ, ಅನ್ನಲಿಲ್ಲ. ಮುಗಿದ ಮೇಲೆ, ಗುರುಗಳ ಜಾಗದಲ್ಲಿ ಸಣ್ಣಗೆ ಕೆಮ್ಮಿ, "ಹಿಂದೆ ಆ ದೊಡ್ಡ ಪಿಟೀಲು ಮೀಟ್ತಾ ಇದ್ದನಲ್ಲ, ಅವನು ಯಾರೋ?" ಎಂದ.

"ಕಾರ್ಲೋ ಡಿ ರೋಸಾ ಅಂತ."

"ನಮ್ಮವರ ಲೆಕ್ಕ ಎಲ್ಲೂ ಬಿಡಲಿಲ್ಲ ನೋಡು. ದುಡ್ಡು ಸರಿಯಾಗಿ ಕೊಟ್ಟರಂತಾ?"

"ಅದೆಲ್ಲ ನನಗೆ ಹೇಗಪ್ಪ ಗೊತ್ತಾಗುತ್ತೆ?" ಎಂದೆ.

"ಇಷ್ಟೊಂದು ಪುಸ್ತಕ ಓದ್ತೀಯ. ಮೊದಲು ಅದನ್ನ ನೋಡ್ಕೋಬಾರದ?"